ಕೊನೆಯ ರೀಲಿನ ತನಕ ಉಳಿಯುವವರು ಯಾರು? ಹಳೆಯ ಸೈನ್ಸ್ ಫಿಕ್ಷನ್ ಆ್ಯಕ್ಷನ್ ಚಿತ್ರಗಳಲ್ಲಿ ಪ್ರಾತಿನಿಧ್ಯದ ಲೆಕ್ಕ

ಕಂಪನಿ ನಾಟಕ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರದೆ ಏಳುವ ಎಷ್ಟೋ ಮೊದಲೇ ಯಾವ ಪಾತ್ರಕ್ಕೆ ಎಂಥ ನಟ ಎಂಬುದು ತೀರ್ಮಾನವಾಗಿರುತ್ತದೆ. ನಾಯಕನಿಗೊಂದು ಮೈಕಟ್ಟು, ಖಳನಿಗೊಂದು ಕಂಠ, ಹಾಸ್ಯದವನಿಗೊಂದು ನಡಿಗೆ. ಏಣಗಿ ಬಾಳಪ್ಪನವರು ಸ್ತ್ರೀಪಾತ್ರ ಮಾಡಿ ಹೆಸರಾದ ಕಾಲದಲ್ಲಿ ಹೆಣ್ಣಿನ ಪಾತ್ರಕ್ಕೂ ಗಂಡಸೇ ಬಣ್ಣ ಹಚ್ಚುತ್ತಿದ್ದ. ಕಥೆಗೆ ಅದು ಬೇಕಿತ್ತೆಂದಲ್ಲ, ಆ ಕಾಲದ ಕಟ್ಟಳೆಯೇ ಹಾಗಿತ್ತು.

ಹಾಲಿವುಡ್ಡಿನ ಹಳೆಯ ಸೈನ್ಸ್ ಫಿಕ್ಷನ್ ಆ್ಯಕ್ಷನ್ ಚಿತ್ರಗಳನ್ನು, ಅಂದಾಜು 1968ರಿಂದ 1999ರ ತನಕದವನ್ನು, ಇದೇ ಕಣ್ಣಿನಿಂದ ನೋಡಬೇಕು. ಕಥೆ ಇನ್ನೂರು ವರ್ಷ ಮುಂದಿನದಿರಲಿ, ಬೇರೆ ಗ್ರಹದ್ದಿರಲಿ, ಪಾತ್ರ ಹಂಚಿದ್ದು ಮಾತ್ರ ಚಿತ್ರ ತಯಾರಾದ ವರ್ಷದ ಸ್ಟುಡಿಯೋ ಆಫೀಸಿನಲ್ಲಿ. ಹಡಗು ಎಷ್ಟೇ ದೂರ ಹಾರಿದರೂ ಒಳಗಿನ ಸೀಟು ಹಂಚಿಕೆ ಲಾಸ್ ಏಂಜಲೀಸಿನದೇ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಇಂಥ ಚಿತ್ರ ತೋರಿಸಿ ಚರ್ಚೆ ನಡೆಸುವವರಿಗೆ, ಮನೆಯಲ್ಲೇ ಕೂತು ಮತ್ತೆ ನೋಡುವವರಿಗೆ ಈ ಬರಹ. ಹೇಳಬೇಕಾದದ್ದು ಒಂದೇ: ತೆರೆಯ ಮೇಲೆ ಎಷ್ಟು ಬಗೆಯ ಮುಖಗಳಿವೆ ಎಂದು ತಲೆ ಎಣಿಸಿದರೆ ಸಾಲದು. ಯಾರ ತೀರ್ಮಾನದಿಂದ ಕಥೆ ತಿರುಗುತ್ತದೆ ಎಂಬುದನ್ನು ಎಣಿಸಬೇಕು. ಎರಡೂ ಲೆಕ್ಕ ಒಂದೇ ಉತ್ತರ ಕೊಡುವುದು ಅಪರೂಪ.

"ಕಪ್ಪು ಮನುಷ್ಯ ಮೊದಲು ಸಾಯುತ್ತಾನೆ": ನಿಜವೇ?

ಈ ಚಿತ್ರಗಳ ಬಗ್ಗೆ ಮಾತು ಬಂದಾಗ ಎಲ್ಲರ ಬಾಯಲ್ಲೂ ಇರುವ ಆರೋಪ ಇದು. ಹಾಗೇ ಒಪ್ಪುವ ಮೊದಲು ಚಿತ್ರಗಳನ್ನೇ ತೆರೆದು ನೋಡೋಣ.

1979ರ 'ಏಲಿಯನ್' ಚಿತ್ರದ ಹಡಗಿನಲ್ಲಿ ಏಳು ಮಂದಿ: ಐವರು ಗಂಡಸರು, ಇಬ್ಬರು ಹೆಂಗಸರು. ಎಂಜಿನ್ ನೋಡಿಕೊಳ್ಳುವ ಪಾರ್ಕರ್ ಒಬ್ಬನೇ ಕಪ್ಪು ಮನುಷ್ಯ, ನಟ ಯಾಫೆಟ್ ಕೊಟ್ಟೊ. ಮೊದಲು ಸಾಯುವವನು ಕೇನ್, ಆಮೇಲೆ ಬ್ರೆಟ್, ಆಮೇಲೆ ಕ್ಯಾಪ್ಟನ್ ಡಲ್ಲಾಸ್. ಮೂವರೂ ಬಿಳಿಯರು. ಪಾರ್ಕರ್ ಬಹುತೇಕ ಕೊನೆಯವರೆಗೆ ಇರುತ್ತಾನೆ, ಲ್ಯಾಂಬರ್ಟ್ ಎಂಬಾಕೆಯನ್ನು ಉಳಿಸಲು ಹೋಗಿ ಪ್ರಾಣ ಬಿಡುತ್ತಾನೆ. 1987ರ 'ಪ್ರಿಡೇಟರ್' ಚಿತ್ರದಲ್ಲಿ ತಂಡದೊಳಗೆ ಮೊದಲು ಬೀಳುವವರು ಹಾಕಿನ್ಸ್ ಮತ್ತು ಬ್ಲೇನ್, ಇಬ್ಬರೂ ಬಿಳಿಯರು. ಬಿಲ್ ಡ್ಯೂಕ್ ಮಾಡಿದ ಮ್ಯಾಕ್, ಕಾರ್ಲ್ ವೆದರ್ಸ್ ಮಾಡಿದ ಡಿಲ್ಲನ್ ಸಾಯುವುದು ಅವರ ನಂತರ. 1982ರ 'ದಿ ಥಿಂಗ್' ಚಿತ್ರದಲ್ಲಂತೂ ಹಿಮದಲ್ಲಿ ಕೊನೆಗೆ ಉಳಿಯುವ ಇಬ್ಬರಲ್ಲಿ ಒಬ್ಬ ಕಪ್ಪು ಮನುಷ್ಯ, ಕೀತ್ ಡೇವಿಡ್ ಮಾಡಿದ ಚೈಲ್ಡ್ಸ್.

ಅಂದರೆ "ಮೊದಲು" ಎಂಬ ಪದ ಈ ಮೂರು ಚಿತ್ರಗಳಲ್ಲಿ ಸುಳ್ಳು. ಹಾಗೆಂದು ಆರೋಪವೇ ಹುರುಳಿಲ್ಲದ್ದು ಎನ್ನುವಂತಿಲ್ಲ. 1984ರ 'ಟರ್ಮಿನೇಟರ್'ನಲ್ಲಿ ಕಪ್ಪು ಪೊಲೀಸ್ ಅಧಿಕಾರಿ ಟ್ರ್ಯಾಕ್ಸ್‌ಲರ್ ಠಾಣೆಯಲ್ಲೇ ಸಾಯುತ್ತಾನೆ. 1986ರ 'ಏಲಿಯನ್ಸ್'ನಲ್ಲಿ ಕಪ್ಪು ಸಾರ್ಜೆಂಟ್ ಅಪೋನ್ ಮೊದಲ ಮುತ್ತಿಗೆಯಲ್ಲೇ ಹೋಗುತ್ತಾನೆ. ಆ ಪಾತ್ರ ಮಾಡಿದ ಆಲ್ ಮ್ಯಾಥ್ಯೂಸ್ ವಿಯೆಟ್ನಾಮಿನಲ್ಲಿ ನಿಜವಾಗಿ ಹೋರಾಡಿದ ಮರೀನ್, ಆ ಗತ್ತು ಸುಮ್ಮನೆ ಬಂದದ್ದಲ್ಲ. 1993ರ 'ಜುರಾಸಿಕ್ ಪಾರ್ಕ್' ಶುರುವಾಗುವುದೇ ಪಂಜರದ ಬಾಗಿಲು ಎತ್ತುವ ಕಪ್ಪು ಕೆಲಸಗಾರನ ಸಾವಿನಿಂದ. ಅದೇ ಚಿತ್ರದಲ್ಲಿ ಕಂಪ್ಯೂಟರ್ ಕೋಣೆ ನಡೆಸುವ ಆರ್ನಾಲ್ಡ್ ಕರೆಂಟ್ ತರಲು ಹೋದವನು ತಿರುಗಿ ಬರುವುದಿಲ್ಲ, ನಮಗೆ ಸಿಗುವುದು ಒಂದು ತುಂಡು ಕೈ. ಆ ಸಾವಿನ ದೃಶ್ಯವನ್ನು ಹವಾಯಿಯಲ್ಲಿ ಚಿತ್ರಿಸಬೇಕಿತ್ತು, 1992ರ ಇನಿಕಿ ಚಂಡಮಾರುತ ಸೆಟ್ಟನ್ನು ಹಾಳು ಮಾಡಿದ್ದರಿಂದ ಬಿಟ್ಟುಹೋಯಿತು ಎಂದು ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಅವರೇ ಹೇಳಿದ್ದಾರೆ. ಗಾಳಿಮಳೆಗೆ ಯಾರ ಮೇಲೂ ದ್ವೇಷವಿಲ್ಲ, ಸರಿ. ಆದರೆ ಆ ದೃಶ್ಯ ಇಲ್ಲದೆಯೂ ಚಿತ್ರ ನಡೆಯುತ್ತದೆ ಎಂದು ಆಮೇಲೆ ತೀರ್ಮಾನಿಸಿದವರು ಮನುಷ್ಯರು.

ಆದ್ದರಿಂದ ಆರೋಪವನ್ನು ತಿದ್ದಿ ಹೇಳಬೇಕು. ಕಪ್ಪು ಮನುಷ್ಯ ಮೊದಲು ಸಾಯುತ್ತಾನೆ ಎಂಬುದಲ್ಲ, ಕೊನೆಯ ರೀಲಿಗೆ ಅವನು ತಲುಪುವುದು ಕಡಿಮೆ. ಅವನ ಸಾವಿನಿಂದ ಇನ್ನೊಬ್ಬರಿಗೆ ಸಿಟ್ಟೋ ಛಲವೋ ಹುಟ್ಟುತ್ತದೆ. ಅವನ ಮನೆ, ಮಕ್ಕಳು, ಅವನು ಹೆದರಿದ ಬಗೆ ಯಾವುದೂ ನಮಗೆ ಗೊತ್ತಾಗುವುದಿಲ್ಲ. ಇದಕ್ಕೆ ದೊಡ್ಡ ಅಪವಾದ 1991ರ 'ಟರ್ಮಿನೇಟರ್ 2'ರ ಮೈಲ್ಸ್ ಡೈಸನ್. ಜೋ ಮಾರ್ಟನ್ ಮಾಡಿದ ಈ ವಿಜ್ಞಾನಿಗೆ ಮನೆಯಿದೆ, ಹೆಂಡತಿಯಿದ್ದಾಳೆ, ಮಗನಿದ್ದಾನೆ. ತಾನು ಕಟ್ಟಿದ ಯಂತ್ರದಿಂದ ಲೋಕ ನಾಶವಾಗುತ್ತದೆ ಎಂದು ತಿಳಿದು, ಅದನ್ನು ತಾನೇ ಒಡೆಯಲು ಒಪ್ಪುತ್ತಾನೆ. ಗುಂಡು ತಿಂದು ಉಸಿರು ಕಟ್ಟುತ್ತಿರುವಾಗ ಸ್ಫೋಟದ ಗುಂಡಿಯ ಮೇಲೆ ಭಾರ ಹಿಡಿದು ಪೊಲೀಸರು ಹೊರಗೆ ಓಡಲು ಸಮಯ ಕೊಡುತ್ತಾನೆ. ಅವನೂ ಸಾಯುತ್ತಾನೆ. ಆದರೆ ಅವನ ಹೆಸರನ್ನು ಕಥೆಯಿಂದ ತೆಗೆದರೆ ಚಿತ್ರದ ದ್ವಿತೀಯಾರ್ಧ ಕುಸಿದು ಬೀಳುತ್ತದೆ.

ಎಣಿಸುವ ಬಗೆ

ಈ "ತೆಗೆದು ನೋಡುವ" ಪರೀಕ್ಷೆ ನಮ್ಮ ಕೈಲಿರುವ ಅತ್ಯಂತ ಉಪಯುಕ್ತ ಸಾಧನ. ಒಂದು ಪಾತ್ರವನ್ನು ಮನಸ್ಸಿನಲ್ಲೇ ಕಥೆಯಿಂದ ಎತ್ತಿ ಪಕ್ಕಕ್ಕಿಡಿ. ಕಥೆಯ ದಿಕ್ಕು ಬದಲಾಗುತ್ತದೆಯೇ? ಬದಲಾದರೆ ಅದು ಪಾತ್ರ. ಬರೀ ತೆರೆ ಬಣ್ಣಗೆಟ್ಟರೆ ಅದು ಅಲಂಕಾರ. 1982ರ 'ಬ್ಲೇಡ್ ರನ್ನರ್' ತೋರಿಸುವ 2019ರ ಲಾಸ್ ಏಂಜಲೀಸ್‌ನಲ್ಲಿ ಬೀದಿ ತುಂಬ ಏಷ್ಯಾದ ಜನ, ಕಟ್ಟಡದ ಮೇಲೆ ಜಪಾನಿ ಹೆಣ್ಣಿನ ದೈತ್ಯ ಜಾಹೀರಾತು, ನೂಡಲ್ಸ್ ಅಂಗಡಿ. ಅವರನ್ನೆಲ್ಲ ತೆಗೆದರೆ ಊರು ಬೋಳಾಗುತ್ತದೆ, ಕಥೆಯ ಒಂದು ಎಳೆಯೂ ಅಲುಗುವುದಿಲ್ಲ. ಜೇಮ್ಸ್ ಹಾಂಗ್ ಮಾಡಿದ ಕಣ್ಣು ತಯಾರಕ ಚ್ಯೂ ಒಂದು ಸುಳಿವು ಕೊಟ್ಟು ಮರೆಯಾಗುತ್ತಾನೆ. ಇದ್ದುದರಲ್ಲಿ ಗಟ್ಟಿಯಾಗಿ ನಿಲ್ಲುವವನು ಗ್ಯಾಫ್. ಆ ಪಾತ್ರ ಮಾಡಿದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಹಲವು ಭಾಷೆಗಳ ಚೂರು ಕಲಸಿ ಬೀದಿಯ ಆಡುಮಾತನ್ನು ತಾವೇ ಕಟ್ಟಿಕೊಂಡರು. ಮರಾಠಿ, ಉರ್ದು, ಕನ್ನಡ ಒಂದೇ ವಾಕ್ಯದಲ್ಲಿ ಬರುವ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ನಡೆದಾಡಿದವರಿಗೆ ಅದು ಕೇಳಿದ ತಕ್ಷಣ ಒಪ್ಪಿಗೆಯಾಗುತ್ತದೆ.

ಲೆಕ್ಕ ಬರೆಯಲು ಒಂದು ಉದ್ದ ನೋಟ್‌ಬುಕ್, ಗಡಿಯಾರ, ರಿಮೋಟ್ ಸಾಕು. ಹಾಳೆಯನ್ನು ಅಡ್ಡ ತಿರುಗಿಸಿ ಆರು ಕಲಂ ಹಾಕಿ: ಹೆಸರು, ಕೆಲಸ, ಮೊದಲ ಮಾತಾಡಿದ ನಿಮಿಷ, ತಾನೇ ತೆಗೆದುಕೊಂಡ ತೀರ್ಮಾನಗಳು, ಕೊನೆಯ ಸಲ ಕಂಡ ನಿಮಿಷ, ಹೋದ ರೀತಿ. ಮೊದಲ ಸಲ ಏನೂ ಬರೆಯದೆ ಚಿತ್ರವನ್ನು ಸುಮ್ಮನೆ ನೋಡಬೇಕು. ಬರೆಯುತ್ತ ನೋಡಿದರೆ ಚಿತ್ರದ ಓಟ ಕೈತಪ್ಪುತ್ತದೆ, ಪಾತ್ರದ ತೂಕ ತಿಳಿಯುವುದು ಆ ಓಟದಲ್ಲೇ. ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ಬರೆಯಿರಿ. ಎರಡು ತಾಸಿನ ಚಿತ್ರಕ್ಕೆ ನಾಲ್ಕು ತಾಸು ಬೇಕಾಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ಬರೆದು ಆಮೇಲೆ ಹೋಲಿಸಿದರೆ ಒಳ್ಳೆಯದು. ನಾಲ್ಕನೆಯ ಕಲಮಿನಲ್ಲೇ ಜಗಳ ಬರುವುದು, ಬರಲೂಬೇಕು. "ಆಜ್ಞೆ ಪಾಲಿಸಿದ" ಎಂಬುದನ್ನು ತೀರ್ಮಾನ ಎಂದು ಬರೆಯಬಾರದು. "ಆಜ್ಞೆ ಮೀರಿದ" ಎಂಬುದನ್ನು ಬರೆಯಬೇಕು.

ಲೆಕ್ಕ ತಪ್ಪುವುದು ಬಹಳ ಸಲ ಪ್ರತಿಯಿಂದಲೇ. ಹಳೆಯ ವಿಡಿಯೋ ಕ್ಯಾಸೆಟ್ಟಿನಿಂದ ಇಳಿಸಿದ ಪ್ರತಿಯಲ್ಲಿ ಚಿತ್ರದ ಎರಡೂ ಬದಿ ಕತ್ತರಿಸಿರುತ್ತದೆ. 2.35ಕ್ಕೆ 1ರ ಅಗಲದ ಚೌಕಟ್ಟನ್ನು ಹಳೆಯ ಟಿವಿಯ 1.33ಕ್ಕೆ 1ಕ್ಕೆ ತುಂಬಿಸಿದರೆ ಶೇಕಡಾ 43ರಷ್ಟು ಚಿತ್ರ ಹೊರಗೆ ಹೋಗುತ್ತದೆ. ಕತ್ತರಿಸುವವನು ಮಾತಾಡುವ ನಾಯಕನನ್ನು ಉಳಿಸಿಕೊಳ್ಳುತ್ತಾನೆ, ಅಂಚಿನಲ್ಲಿ ನಿಂತು ಕೇಳಿಸಿಕೊಳ್ಳುವವನು ಮಾಯವಾಗುತ್ತಾನೆ. ಅಂಚಿನಲ್ಲಿ ನಿಲ್ಲುವವರು ಯಾರು ಎಂಬುದೇ ನಮ್ಮ ಪ್ರಶ್ನೆಯಾದ್ದರಿಂದ ಈ ಪ್ರತಿ ಕೆಲಸಕ್ಕೆ ಬಾರದು. 'ಏಲಿಯನ್', 'ದಿ ಥಿಂಗ್', 'ಸ್ಟಾರ್ ವಾರ್ಸ್' ಇಂಥ ಅಗಲದ ಚಿತ್ರಗಳು. ಅಗಲದ ಚಿತ್ರವಾದರೆ ಟಿವಿಯ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವ ಪ್ರತಿಯನ್ನೇ ಹುಡುಕಿ.

ಎರಡನೆಯದು ಡಬ್ಬಿಂಗ್. 1960ರ ದಶಕದಿಂದ ಹಲವು ದಶಕ ಕನ್ನಡಕ್ಕೆ ಡಬ್ಬಿಂಗ್ ನಿಂತುಹೋಗಿತ್ತು, ಹೀಗಾಗಿ ನಮ್ಮ ಭಾಗದ ಟಾಕೀಜುಗಳಲ್ಲಿ ಈ ಚಿತ್ರಗಳನ್ನು ಕಂಡವರು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಕಂಡವರು. 1994ರಲ್ಲಿ 'ಜುರಾಸಿಕ್ ಪಾರ್ಕ್' ಹಿಂದಿಯಲ್ಲಿ ಬಂದ ಮೇಲಂತೂ ಡಬ್ ಪ್ರತಿಗಳ ಹೊಳೆಯೇ ಹರಿಯಿತು. ಡಬ್ ಮಾಡಿದ ಪ್ರತಿಯಲ್ಲಿ ಯಾರ ಇಂಗ್ಲಿಷ್ ಯಾವ ಧಾಟಿಯದು ಎಂಬುದು ಅಳಿಸಿಹೋಗುತ್ತದೆ. ಒಬ್ಬನನ್ನು ನಗೆಪಾಟಲು ಮಾಡಲು ಅವನ ಉಚ್ಚಾರವನ್ನೇ ಬಳಸಿದ ಚಿತ್ರವಿದ್ದರೆ ಆ ತಪ್ಪು ನಮಗೆ ಕೇಳಿಸುವುದೇ ಇಲ್ಲ. ಮೂಲ ಧ್ವನಿ, ಕೆಳಗೆ ಅಕ್ಷರ, ಹೀಗೆ ನೋಡಿ.

ಹೆಂಗಸರ ಲೆಕ್ಕಕ್ಕೆ ಒಂದು ಪ್ರಸಿದ್ಧ ಅಳತೆಗೋಲು ಇದೆ, ಬೆಕ್ಡೆಲ್ ಪರೀಕ್ಷೆ. ಚಿತ್ರದಲ್ಲಿ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಅಲ್ಲದ್ದಿರಬೇಕು. ಅಲಿಸನ್ ಬೆಕ್ಡೆಲ್ ಅವರ 1985ರ ಕಾಮಿಕ್ ಪಟ್ಟಿಯಲ್ಲಿ ಈ ಮೂರು ನಿಯಮ ಹೇಳುವಾಕೆ, ತನಗೆ ನೋಡಲು ಸಿಕ್ಕ ಕೊನೆಯ ಚಿತ್ರ 'ಏಲಿಯನ್' ಎನ್ನುತ್ತಾಳೆ, ಅದರಲ್ಲಿ ಇಬ್ಬರು ಹೆಂಗಸರು ರಾಕ್ಷಸ ಪ್ರಾಣಿಯ ಬಗ್ಗೆ ಮಾತಾಡುತ್ತಾರೆ. ಅಂದರೆ ಈ ಅಳತೆಗೋಲಿನ ಮೊದಲ ಉದಾಹರಣೆಯೇ ನಮ್ಮ ಬಗೆಯ ಚಿತ್ರ. 1977ರ 'ಸ್ಟಾರ್ ವಾರ್ಸ್' ಇದರಲ್ಲಿ ನಪಾಸು: ಲೇಯಾ ಮತ್ತು ಚಿಕ್ಕಮ್ಮ ಬೆರು ಒಮ್ಮೆಯೂ ಭೇಟಿಯಾಗುವುದಿಲ್ಲ. 'ದಿ ಥಿಂಗ್' ತಂಡದಲ್ಲಿ ಒಬ್ಬ ಹೆಂಗಸೂ ಇಲ್ಲ. ನೆಲೆಯಲ್ಲಿ ಕೇಳುವ ಹೆಣ್ಣುದನಿ ಚೆಸ್ ಆಡುವ ಕಂಪ್ಯೂಟರಿನದು, ಆಟದಲ್ಲಿ ಸೋತ ನಾಯಕ ಅದರೊಳಗೆ ವಿಸ್ಕಿ ಸುರಿದು ಸುಟ್ಟುಹಾಕುತ್ತಾನೆ. ಈ ಪರೀಕ್ಷೆ ಕನಿಷ್ಠ ಮಟ್ಟವನ್ನು ಮಾತ್ರ ಅಳೆಯುತ್ತದೆ, ಪಾಸಾದರೆ ಚಿತ್ರ ಒಳ್ಳೆಯದೆಂದಲ್ಲ.

'ಏಲಿಯನ್' ಪಾಸಾದದ್ದು ಹೇಗೆ ಎಂಬುದರಲ್ಲಿ ನಿಜವಾದ ಪಾಠವಿದೆ. ಡ್ಯಾನ್ ಓ'ಬ್ಯಾನನ್ ಮತ್ತು ರೊನಾಲ್ಡ್ ಶುಸೆಟ್ ಬರೆದ ಮೂಲ ಚಿತ್ರಕಥೆಯಲ್ಲಿ ಪಾತ್ರಗಳಿಗೆ ಅಡ್ಡಹೆಸರು (ಸರ್‌ನೇಮ್) ಮಾತ್ರ ಇತ್ತು, ಯಾವ ಪಾತ್ರವನ್ನು ಗಂಡಾದರೂ ಹೆಣ್ಣಾದರೂ ಮಾಡಬಹುದು ಎಂಬ ಸೂಚನೆಯೂ ಇತ್ತು. ಹೀಗಾಗಿ ಸಿಗೋರ್ನಿ ವೀವರ್ ಮಾಡಿದ ರಿಪ್ಲಿ "ಹೆಣ್ಣಿನ ಪಾತ್ರ" ಎಂದು ಬರೆದದ್ದಲ್ಲ, ಹಡಗಿನ ಅಧಿಕಾರಿಯ ಪಾತ್ರ ಎಂದು ಬರೆದದ್ದು. ಸೋಂಕು ತಗುಲಿದವನನ್ನು ಒಳಗೆ ಬಿಡಬಾರದು ಎಂದು ನಿಯಮ ಹಿಡಿದು ನಿಲ್ಲುವವಳು ಅವಳೊಬ್ಬಳೇ. ನಾಲ್ಕನೆಯ ಕಲಮಿನಲ್ಲಿ ಅದು ಮೊದಲ ದೊಡ್ಡ ಗೆರೆ. ಸರಣಿಯ ಎರಡನೆಯ ಚಿತ್ರ 'ಏಲಿಯನ್ಸ್'ಗೆ ವೀವರ್ ಅವರಿಗೆ ಶ್ರೇಷ್ಠ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಬಂತು, ಈ ಬಗೆಯ ಚಿತ್ರಗಳಿಗೆ ಆಗ ಅಂಥದ್ದು ಸಿಗುವುದೇ ಅಪರೂಪವಾಗಿತ್ತು.

ಇನ್ನೊಂದು ಸಂಗತಿ ಮೊದಲ 'ಏಲಿಯನ್' ಚಿತ್ರದಲ್ಲೇ ಇದೆ, ಹೊರಗಿನ ಚರ್ಚೆಗಳಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ. ಪಾರ್ಕರ್ ಮತ್ತು ಬ್ರೆಟ್ ಕೆಳಗೆ ಎಂಜಿನ್ ಹತ್ತಿರ ದುಡಿಯುವವರು, ಮೇಲಿನವರಿಗೆ ಪೂರ್ತಿ ಪಾಲು, ತಮಗೆ ಅರ್ಧ ಪಾಲು ಏಕೆ ಎಂದು ಚಿತ್ರದ ಶುರುವಿನಿಂದಲೇ ಜಗಳ ತೆಗೆಯುತ್ತಾರೆ. ರೈಲ್ವೆ ವರ್ಕ್‌ಶಾಪಿನ ಊರಾದ ಹುಬ್ಬಳ್ಳಿಯವರಿಗೆ ಈ ಮಾತಿನ ಬಿಸಿ ಬೇಗ ತಟ್ಟುತ್ತದೆ. ಬಣ್ಣ, ಲಿಂಗ ಎರಡನ್ನೇ ಎಣಿಸಿ, ಯಾರು ಯಾವ ಕೂಲಿಗೆ ದುಡಿಯುತ್ತಾರೆ ಎಂಬುದನ್ನು ಬಿಟ್ಟರೆ ಅರ್ಧ ಚಿತ್ರ ಬಿಟ್ಟಂತೆ. ಎರಡನೆಯ ಕಲಂ ಇರುವುದು ಇದಕ್ಕೇ.

ನಮ್ಮವರು ಎಲ್ಲಿದ್ದರು?

ಭಾರತೀಯರ ಲೆಕ್ಕ ಬೇರೆಯೇ ಇದೆ, ನೋಯಿಸುವಂಥದ್ದೂ ಹೌದು. ಮೂರು ಉದಾಹರಣೆ ಸಾಕು.

'ಸ್ಟಾರ್ ಟ್ರೆಕ್' ಟಿವಿ ಸರಣಿಯ 1967ರ ಒಂದು ಕಂತಿನಲ್ಲಿ ಖಾನ್ ನೂನಿಯನ್ ಸಿಂಗ್ ಎಂಬ ಮಹಾಬಲಶಾಲಿ ಬರುತ್ತಾನೆ. ಉತ್ತರ ಭಾರತದವನು, ಬಹುಶಃ ಸಿಖ್ಖ ಎಂದು ಆ ಕಂತಿನಲ್ಲೇ ಹೇಳುತ್ತಾರೆ. ಖಾನ್ ಮತ್ತು ಸಿಂಗ್ ಒಂದೇ ಹೆಸರಿನಲ್ಲಿ ಜೋಡಿಸಿದ್ದನ್ನು ನೋಡಿದರೆ ಬರೆಯುವಾಗ ಒಬ್ಬ ಭಾರತೀಯನನ್ನೂ ಕೇಳಿರಲಿಲ್ಲ ಎನಿಸುತ್ತದೆ. ಪಾತ್ರ ಮಾಡಿದವರು ಮೆಕ್ಸಿಕೊದಲ್ಲಿ ಹುಟ್ಟಿದ ರಿಕಾರ್ಡೊ ಮಾಂಟಲ್ಬಾನ್, ಮುಖಕ್ಕೆ ಕಂದು ಬಣ್ಣ ಹಚ್ಚಿಕೊಂಡು. 1982ರ 'ದಿ ರಾತ್ ಆಫ್ ಖಾನ್' ಚಿತ್ರದಲ್ಲೂ ಅವರೇ. ನಟನೆಯಲ್ಲಿ ಕೊರತೆಯಿಲ್ಲ, ಆ ಸಿಟ್ಟು, ಆ ಗಾಂಭೀರ್ಯ ಇಂದಿಗೂ ನಿಲ್ಲುತ್ತದೆ. ಆದರೆ ಹಾಲಿವುಡ್ಡಿನ ಅಂತರಿಕ್ಷದಲ್ಲಿ ಅತ್ಯಂತ ಬುದ್ಧಿವಂತ, ಅತ್ಯಂತ ಬಲಶಾಲಿ ಎಂದು ಬರೆದ ಭಾರತೀಯ ಪಾತ್ರ ಭಾರತೀಯ ನಟನ ಕೈಗೆ ಬರಲಿಲ್ಲ.

ಮುಂಬೈಯಲ್ಲಿ ಹುಟ್ಟಿ 1965ರಲ್ಲಿ ಮಿಸ್ ಇಂಡಿಯಾ ಆದ ಪರ್ಸಿಸ್ ಖಂಬಾಟಾ 1979ರ 'ಸ್ಟಾರ್ ಟ್ರೆಕ್: ದಿ ಮೋಶನ್ ಪಿಕ್ಚರ್'ನಲ್ಲಿ ಮುಖ್ಯ ಪಾತ್ರವೊಂದನ್ನು ಪಡೆದರು. ಪಾತ್ರದ ಹೆಸರು ಇಲಿಯಾ, ಬೇರೆ ಗ್ರಹದವಳು. ಅದಕ್ಕಾಗಿ ಅವರು ತಲೆಗೂದಲು ಪೂರ್ತಿ ಬೋಳಿಸಿಕೊಂಡರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಭಾರತೀಯ ಪಾತ್ರಕ್ಕೆ ಮೆಕ್ಸಿಕೊದ ನಟ, ಭಾರತೀಯ ನಟಿಗೆ ಭೂಮಿಯದ್ದೇ ಅಲ್ಲದ ಪಾತ್ರ.

ಮೂರನೆಯದು 1986ರ 'ಶಾರ್ಟ್ ಸರ್ಕ್ಯೂಟ್', ಆ್ಯಕ್ಷನ್‌ಗಿಂತ ಹಾಸ್ಯದ ಕಡೆ ವಾಲಿದ ರೋಬಾಟ್ ಚಿತ್ರ. ಅದರಲ್ಲಿ ಬೆನ್ ಎಂಬ ಭಾರತೀಯ ಮೂಲದ ಎಂಜಿನಿಯರ್ ಇದ್ದಾನೆ. ಮಾಡಿದವರು ಬಿಳಿಯ ನಟ ಫಿಶರ್ ಸ್ಟೀವನ್ಸ್, ಕಂದು ಬಣ್ಣ ಹಚ್ಚಿ, ಉಚ್ಚಾರ ತಿರುಚಿ, ಇಂಗ್ಲಿಷ್ ತಪ್ಪಿಸಿ ನಗಿಸುವ ಪಾತ್ರ. ಡಬ್ ಪ್ರತಿ ನೋಡಬಾರದು ಎಂದದ್ದು ಇಂಥ ಚಿತ್ರಗಳಿಗಾಗಿಯೇ. 1988ರ ಎರಡನೆಯ ಭಾಗದಲ್ಲಿ ಬೆನ್‌ಗೆ ಬಡ್ತಿ ಸಿಕ್ಕಿ ಅವನೇ ಕಥಾನಾಯಕನಾದ. ವ್ಯಾಪಾರ ಅವನದು, ಪ್ರೇಮ ಅವನದು, ಅಮೆರಿಕದ ಪೌರತ್ವವೂ ಸಿಗುತ್ತದೆ. ತಲೆ ಎಣಿಸುವ ಲೆಕ್ಕದಲ್ಲಿ ಇದು ಭಾರತೀಯ ನಾಯಕನ ಚಿತ್ರ. ನಟ ಮಾತ್ರ ಬದಲಾಗಲಿಲ್ಲ. ಹೀಗಾಗಿ ಹಾಳೆಯ ಕೆಳಗೆ ಏಳನೆಯ ಪ್ರಶ್ನೆಯೊಂದು ಬೇಕು: ಪಾತ್ರದ ಸಮುದಾಯ ಯಾವುದು, ನಟನದು ಯಾವುದು? 'ಏಲಿಯನ್ಸ್'ನ ವಾಸ್ಕೆಸ್ ಎಲ್ಲರ ಮೆಚ್ಚಿನ ಲ್ಯಾಟಿನಾ ಸೈನಿಕಳು. ಅದನ್ನು ಮಾಡಿದ ಜೆನೆಟ್ ಗೋಲ್ಡ್‌ಸ್ಟೀನ್ ಲ್ಯಾಟಿನಾ ಅಲ್ಲ, ಅಲ್ಲಿಯೂ ಮೈಬಣ್ಣಕ್ಕೆ ಮೇಕಪ್ಪೇ ಆಧಾರ.

ಇದಕ್ಕೆಲ್ಲ ಒಂದು ಹಿನ್ನೆಲೆ ಇದೆ. ಹಾಲಿವುಡ್ ತಾನೇ ಹಾಕಿಕೊಂಡ ನೀತಿ ಸಂಹಿತೆ, ಹೇಸ್ ಕೋಡ್, 1934ರಿಂದ ಬಿಗಿಯಾಗಿ ಜಾರಿಗೆ ಬಂತು, ಬರಬರುತ್ತ ಸಡಿಲವಾಗಿ 1968ರ ತನಕ ನಡೆಯಿತು. ಬಿಳಿಯರು ಮತ್ತು ಕಪ್ಪು ಜನರ ನಡುವಿನ ಪ್ರೇಮ ಸಂಬಂಧ ತೋರಿಸುವುದನ್ನು ಅದು 1950ರ ದಶಕದ ಮಧ್ಯದವರೆಗೆ ನಿಷೇಧಿಸಿತ್ತು. ನಾಯಕಿ ಬಿಳಿಯಳಾದರೆ ಅವಳ ಜೊತೆಗಾರನಾಗಿ ಬೇರೆ ಬಣ್ಣದ ನಟನನ್ನು ಹಾಕುವ ದಾರಿಯೇ ಮುಚ್ಚಿತ್ತು. ಕಾಯಿದೆ ಹೋದ ಮೇಲೂ ರೂಢಿ ಹೋಗಲಿಲ್ಲ. 1971ರ 'ದಿ ಒಮೇಗಾ ಮ್ಯಾನ್' ಚಿತ್ರದಲ್ಲಿ ಚಾರ್ಲ್ಟನ್ ಹೆಸ್ಟನ್ ಮತ್ತು ರೋಸಲಿಂಡ್ ಕ್ಯಾಶ್ ಜೋಡಿಯಾದದ್ದು ಆ ಹೊತ್ತಿಗೆ ದೊಡ್ಡ ಹೆಜ್ಜೆ.

ಬೆಳಕಿನ ತೊಡಕು

ಪಕ್ಷಪಾತ ಬರೀ ಆಫೀಸಿನಲ್ಲಿರಲಿಲ್ಲ, ಫಿಲ್ಮಿನ ರಸಾಯನದಲ್ಲೂ ಇತ್ತು. ಫೋಟೊ ಲ್ಯಾಬುಗಳು ಬಣ್ಣ ಸರಿಹೊಂದಿಸಲು ಕೊಡಾಕ್ ಕಳಿಸುತ್ತಿದ್ದ ಕಾರ್ಡಿನ ಮೇಲೆ ಬಿಳಿಯ ಹೆಣ್ಣಿನ ಮುಖ ಇರುತ್ತಿತ್ತು, ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರು. ಆ ಮುಖ ಸರಿ ಬಂದರೆ ಎಲ್ಲ ಸರಿ. ಸಿನಿಮಾ ರೀಲಿನ ಶುರುವಿನಲ್ಲೂ ಲ್ಯಾಬಿನವರಿಗಾಗಿ ಬಣ್ಣದ ಪಟ್ಟಿಯ ಪಕ್ಕ ಒಂದು ಹೆಣ್ಣಿನ ಮುಖ ಇಡುತ್ತಿದ್ದರು, ಅದೂ ಹೆಚ್ಚಾಗಿ ಬಿಳಿಯ ಹೆಣ್ಣಿನದೇ. ಕಂದು ಛಾಯೆಗಳು ಸರಿಯಾಗಿ ಮೂಡುತ್ತಿಲ್ಲ ಎಂಬ ದೂರಿಗೆ ಕಂಪನಿ ಕಿವಿಗೊಟ್ಟದ್ದರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಿಸುವವರ ಪಾಲು ದೊಡ್ಡದು ಎಂಬುದು ಈ ಇತಿಹಾಸದ ನಾಚಿಕೆಯ ಭಾಗ. ಮನುಷ್ಯರ ಮುಖಕ್ಕಿಂತ ಮೊದಲು ಮೇಜಿನ ಬಣ್ಣಕ್ಕೆ ನ್ಯಾಯ ಸಿಕ್ಕಿತು.

ಇದು ಪಾತ್ರದ ಮೇಲೆ ಹೇಗೆ ಬೀಳುತ್ತದೆ? ಬೆಳಕಿನ ಮೀಟರು ಎಲ್ಲವನ್ನೂ ಶೇಕಡಾ 18ರಷ್ಟು ಬೆಳಕು ಮರಳಿಸುವ ಬೂದುಬಣ್ಣ ಎಂದು ಭಾವಿಸಿ ಅಳೆಯುತ್ತದೆ. ತಿಳಿ ಬಣ್ಣದ ಚರ್ಮ ಸುಮಾರು ಅದರ ಎರಡರಷ್ಟು 36ನ್ನು ಮರಳಿಸುತ್ತದೆ, ಅಂದರೆ ಒಂದು ಸ್ಟಾಪ್ (ಬೆಳಕು ಎರಡರಷ್ಟಾಗುವ ಒಂದು ಮೆಟ್ಟಿಲು) ಹೆಚ್ಚು. ಗಾಢ ಚರ್ಮ ಆ ಬೂದಿಗಿಂತ ಕೆಳಗೆ ಇಳಿಯುತ್ತದೆ. ಇಬ್ಬರ ನಡುವೆ ಎರಡು ಸ್ಟಾಪ್ ಅಂತರ ಬಂದರೆ ಬೆಳಕಿನಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ಹಡಗಿನ ಒಳಾಂಗಣದಂಥ ಮಬ್ಬು ಸೆಟ್ಟಿನಲ್ಲಿ ಬಿಳಿಯ ಮುಖಕ್ಕೆ ಎಕ್ಸ್‌ಪೋಷರ್ (ಫಿಲ್ಮಿನ ಮೇಲೆ ಬೀಳುವ ಬೆಳಕಿನ ಪ್ರಮಾಣ) ಕಟ್ಟಿದರೆ ಪಕ್ಕದವನ ಮುಖದಲ್ಲಿ ಕಣ್ಣು, ಹಲ್ಲು ಮಾತ್ರ ಉಳಿಯುತ್ತವೆ. ನಟ ಎಷ್ಟು ಚೆನ್ನಾಗಿ ಮಾಡಿದರೂ ನೋಡುವವರಿಗೆ ಭಾವ ತಲುಪದು. ಸಂಕಲನಕಾರ ಆಗ ಯಾರ ಕ್ಲೋಸಪ್ ಇಟ್ಟುಕೊಳ್ಳುತ್ತಾನೆ ಎಂಬುದು ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರ ಆಗಲೂ ಇತ್ತು, ಈಗ ಫೋನಿನಲ್ಲಿ ಕಿರುಚಿತ್ರ ಮಾಡುವ ನಮ್ಮ ಹುಡುಗರಿಗೂ ಉಪಯೋಗಕ್ಕೆ ಬರುತ್ತದೆ. ಮುಖ್ಯ ದೀಪವನ್ನು ಗಾಢ ಬಣ್ಣದವರ ಕಡೆ ಇಡಿ. ತಿಳಿ ಬಣ್ಣದವರನ್ನು ದೀಪದಿಂದ ಎರಡರಷ್ಟು ದೂರ ನಿಲ್ಲಿಸಿ. ಸಣ್ಣ ದೀಪವಾದರೆ ದೂರ ಎರಡರಷ್ಟಾದಾಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಸರಿಯಾಗಿ ಆ ಎರಡು ಸ್ಟಾಪ್. ಜಾಗ ಇಲ್ಲದಿದ್ದರೆ ತಿಳಿ ಮುಖದ ಮೇಲೆ ಬೀಳುವ ಬೆಳಕಿಗೆ ತೆಳು ಜಾಲರಿ ಅಡ್ಡ ಹಿಡಿಯಿರಿ. ಗಾಢ ಚರ್ಮ ಚೆಲುವಾಗಿ ಕಾಣುವುದು ಅದರ ಮಿನುಗಿನಿಂದ. ಪೌಡರ್ ಬಳಿದು ಆ ಮಿನುಗನ್ನು ಕೊಲ್ಲಬೇಡಿ. ದೊಡ್ಡ ಬಿಳಿ ಹಲಗೆಯಿಂದ ಮೆತ್ತನೆಯ ಬೆಳಕು ಹೊಡೆಸಿ, ಹಿಂದಿನ ಗೋಡೆಗೂ ಸ್ವಲ್ಪ ಬೆಳಕು ಕೊಡಿ, ತಲೆಗೂದಲಿನ ಅಂಚು ಕತ್ತಲೆಯಲ್ಲಿ ಕರಗದಂತೆ. ಫೋನ್ ಆದರೆ ಪರದೆಯ ಮೇಲೆ ಗಾಢ ಮುಖವನ್ನೇ ಒತ್ತಿ ಎಕ್ಸ್‌ಪೋಷರ್ ಲಾಕ್ ಮಾಡಿ, ಬಿಟ್ಟರೆ ಅದು ಕಿಟಕಿಯನ್ನು ನೋಡಿ ಮುಖವನ್ನು ಕಪ್ಪಾಗಿಸುತ್ತದೆ.

ಮುಖವಾಡ ಮತ್ತು ಅನ್ಯೋಕ್ತಿ

ಈ ಚಿತ್ರಗಳಿಗೆ ಒಂದು ವಿಶೇಷ ಅನುಕೂಲವಿದೆ. ನೇರವಾಗಿ ಹೇಳಲು ಹೆದರುವ ಮಾತನ್ನು ಕೋತಿಯ, ಯಂತ್ರದ, ಅನ್ಯಗ್ರಹದವರ ಬಾಯಲ್ಲಿ ಹೇಳಿಸಬಹುದು. ಇದು ನಮಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಮಾಡಿದ್ದು ಇದನ್ನೇ. ಭತ್ತ ತಾನೇ ಶ್ರೇಷ್ಠ ಎಂದು ನರೆದಲೆಗನನ್ನು, ಅಂದರೆ ರಾಗಿಯನ್ನು, ಹೀಯಾಳಿಸುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕೆಡುತ್ತದೆ, ರಾಗಿ ಉಳಿಯುತ್ತದೆ. ಧಾನ್ಯದ ಕಥೆ ಎಂದು ಕೇಳಿದವರೆಲ್ಲರಿಗೂ ಅದು ಮನುಷ್ಯರ ಮೇಲುಕೀಳಿನ ಕಥೆ ಎಂದು ಗೊತ್ತು. ಇಲ್ಲಿ ಗಮನಿಸಬೇಕಾದದ್ದು, ಹೀಯಾಳಿಸಿಕೊಂಡ ಧಾನ್ಯವೇ ಸಭೆಯಲ್ಲಿ ನಿಂತು ವಾದ ಮಾಡುತ್ತದೆ. ಅದರ ಪರವಾಗಿ ಇನ್ನೊಂದು ಭತ್ತ ಬಂದು ಮಾತಾಡುವುದಿಲ್ಲ.

1968ರ 'ಪ್ಲಾನೆಟ್ ಆಫ್ ದಿ ಏಪ್ಸ್' ಚಿತ್ರವನ್ನು ಈ ಒರೆಗೆ ಹಚ್ಚಿ. ಅಲ್ಲಿ ಗೊರಿಲ್ಲಾಗಳು ಸೈನಿಕರು, ಒರಾಂಗುಟಾನ್‌ಗಳು ಶಾಸ್ತ್ರ ಮತ್ತು ಆಡಳಿತ ನೋಡುವವರು, ಚಿಂಪಾಂಜಿಗಳು ವಿಜ್ಞಾನಿಗಳು. ಹುಟ್ಟಿನಿಂದಲೇ ಕೆಲಸ ಗೊತ್ತಾದ ಈ ಸಮಾಜ ನಮ್ಮ ಓದುಗರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಮನುಷ್ಯ ಅಲ್ಲಿ ತುಳಿತಕ್ಕೊಳಗಾದ ಪ್ರಾಣಿ. ಆದರೆ ಆ ತುಳಿತವನ್ನು ನಮಗೆ ಅನುಭವಿಸಿ ತೋರಿಸುವವನು ಹೆಸ್ಟನ್ ಮಾಡಿದ ಬಿಳಿಯ ನಾಯಕ ಟೇಲರ್. ಅವನ ಹಡಗಿನಲ್ಲಿ ನಾಲ್ವರಿದ್ದರು. ಒಬ್ಬಳೇ ಹೆಂಗಸು ಸ್ಟುವರ್ಟ್ ನಿದ್ದೆಯ ಪೆಟ್ಟಿಗೆಯಲ್ಲೇ ಸತ್ತಿರುತ್ತಾಳೆ, ಒಂದು ಮಾತೂ ಆಡದೆ. ಒಬ್ಬನೇ ಕಪ್ಪು ಗಗನಯಾನಿ ಡಾಜ್ ಬೇಟೆಯಲ್ಲಿ ಸತ್ತು, ಮುಂದೆ ವಸ್ತುಸಂಗ್ರಹಾಲಯದಲ್ಲಿ ಒಳಗೆ ಹುಲ್ಲು ತುಂಬಿದ ಬೊಂಬೆಯಾಗಿ ನಿಂತಿರುತ್ತಾನೆ. ವರ್ಣಭೇದದ ಬಗ್ಗೆ ಮಾತಾಡುವ ಚಿತ್ರದಲ್ಲಿ ಕಪ್ಪು ಮನುಷ್ಯನಿಗೆ ಸಿಕ್ಕ ಜಾಗ ಅದು.

ಸರಣಿಯ ನಾಲ್ಕನೆಯದು, 1972ರ 'ಕಾಂಕ್ವೆಸ್ಟ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್', ಈ ತಪ್ಪನ್ನು ಅರ್ಧ ತಿದ್ದಿತು. ಗುಲಾಮ ಕೋತಿಗಳ ದಂಗೆಯನ್ನು 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ನಡೆದ ದಂಗೆಯ ಮಾದರಿಯಲ್ಲೇ ಚಿತ್ರಿಸಿದರು. ದಂಗೆಯ ನಾಯಕ ಸೀಸರ್ ತನ್ನ ಹಕ್ಕನ್ನು ಹೇಳುವುದು ಹ್ಯಾರಿ ರೋಡ್ಸ್ ಮಾಡಿದ ಮ್ಯಾಕ್‌ಡೊನಾಲ್ಡ್ ಎಂಬ ಕಪ್ಪು ಅಧಿಕಾರಿಯ ಮುಂದೆ, ಗುಲಾಮರ ವಂಶದವನಾದ ನಿನಗೆ ಇದು ತಿಳಿಯಬೇಕು ಎಂಬ ಧಾಟಿಯಲ್ಲಿ. ಅಲ್ಲಿ ಚಿತ್ರಕ್ಕೆ ನಿಜವಾದ ಧೈರ್ಯ ಬರುತ್ತದೆ. ಪ್ರಯೋಗ ಪ್ರದರ್ಶನದಲ್ಲಿ ನೋಡಿದವರಿಗೆ ಅಂತ್ಯ ತೀರಾ ಕ್ರೂರ ಎನಿಸಿತು. ಮತ್ತೆ ಚಿತ್ರೀಕರಿಸಲು ಹೋಗದೆ, ಸೀಸರ್ ಕನಿಕರ ತೋರುವ ಹೊಸ ಮಾತುಗಳನ್ನು ರೆಕಾರ್ಡ್ ಮಾಡಿ, ತುಟಿ ಕಾಣದಂತೆ ಕಣ್ಣಿನ ಹತ್ತಿರದ ಚಿತ್ರಗಳ ಮೇಲೆ ಕೂರಿಸಿದರು. ತಿಳಿದು ನೋಡಿದರೆ ಆ ಹೊಲಿಗೆ ಈಗಲೂ ಕಾಣುತ್ತದೆ. ಮೂಲ ಅಂತ್ಯ ಆಮೇಲೆ ಬ್ಲೂ-ರೇ ಪ್ರತಿಯಲ್ಲಿ ಬಂತು, ಚರ್ಚೆಗೆ ಎರಡನ್ನೂ ತೋರಿಸಬೇಕು.

ಅನ್ಯೋಕ್ತಿಯ ಮುಖವಾಡ ಒಂದು ಕಡೆ, ನಿಜವಾದ ಮುಖವಾಡ ಇನ್ನೊಂದು ಕಡೆ. 'ಏಲಿಯನ್' ಪ್ರಾಣಿಯ ಉಡುಪಿನೊಳಗಿದ್ದವರು ನೈಜೀರಿಯಾದ ಬೊಲಾಜಿ ಬಡೆಜೊ, ಎತ್ತರ 6 ಅಡಿ 10 ಅಂಗುಲದ ಆಸುಪಾಸು. 1985ರ 'ಎನಿಮಿ ಮೈನ್' ಚಿತ್ರದಲ್ಲಿ ಹಲ್ಲಿಯಂಥ ಚರ್ಮ ತೊಟ್ಟು ಅನ್ಯಗ್ರಹದವನಾದವರು ಲೂಯಿಸ್ ಗಾಸೆಟ್ ಜೂನಿಯರ್. ಆ ಹೊತ್ತಿಗೆ ಅವರು ಆಸ್ಕರ್ ಗೆದ್ದಿದ್ದರು, ಆದರೂ ಮುಖ ಕಾಣಿಸಲಿಲ್ಲ. 'ಸ್ಟಾರ್ ವಾರ್ಸ್'ನ ಮುಖವಾಡದ ಖಳ ಡಾರ್ತ್ ವೇಡರ್‌ನ ದನಿ ಕಪ್ಪು ನಟ ಜೇಮ್ಸ್ ಅರ್ಲ್ ಜೋನ್ಸ್ ಅವರದು. 1977ರ ಚಿತ್ರದಲ್ಲಿ ಅವರ ಹೆಸರು ಇಲ್ಲ, ಅದು ಅವರದೇ ಇಚ್ಛೆ. 1983ರಲ್ಲಿ ಮುಖವಾಡ ತೆಗೆದಾಗ ಒಳಗೆ ಕಂಡದ್ದು ಬಿಳಿಯ ನಟನ ಮುಖ. ಆ ಸರಣಿಯಲ್ಲಿ ಕಪ್ಪು ನಟನ ಮುಖ ದೊಡ್ಡ ಪಾತ್ರದಲ್ಲಿ ಕಾಣಲು 1980ರ ಎರಡನೆಯ ಚಿತ್ರದ ತನಕ, ಬಿಲ್ಲಿ ಡೀ ವಿಲಿಯಮ್ಸ್ ಅವರ ಲ್ಯಾಂಡೊ ಬರುವ ತನಕ, ಕಾಯಬೇಕಾಯಿತು. ಲ್ಯಾಂಡೊ ಮೊದಲು ಮೋಸ ಮಾಡುತ್ತಾನೆ, ಆಮೇಲೆ ತಾನಾಗಿ ಪಕ್ಷ ಬದಲಿಸುತ್ತಾನೆ. ನಾಲ್ಕನೆಯ ಕಲಂ ತುಂಬ ಬರೆಯಲು ಸಿಗುವ ಪಾತ್ರ.

1990ರ 'ಪ್ರಿಡೇಟರ್ 2'ರಲ್ಲಿ ನಾಯಕನೇ ಕಪ್ಪು ನಟ ಡ್ಯಾನಿ ಗ್ಲೋವರ್, ರಾಕ್ಷಸನನ್ನು ಒಬ್ಬನೇ ಸೋಲಿಸಿ ಬದುಕಿ ಹೊರಬರುತ್ತಾನೆ. ಅದೇ ಚಿತ್ರ ಜಮೈಕಾದವರನ್ನು ಮಾಟಮಂತ್ರದ ಕೊಲೆಗಡುಕರ ಗುಂಪಾಗಿ ತೋರಿಸುತ್ತದೆ. ಎರಡೂ ಒಂದೇ ಹಾಳೆಯಲ್ಲಿ ಬರಬೇಕು, ಒಂದು ಇನ್ನೊಂದನ್ನು ಅಳಿಸುವುದಿಲ್ಲ. 1990ರ ದಶಕ ಮುಗಿಯುವ ಹೊತ್ತಿಗೆ ವಿಲ್ ಸ್ಮಿತ್, ವೆಸ್ಲಿ ಸ್ನೈಪ್ಸ್, ಲಾರೆನ್ಸ್ ಫಿಶ್‌ಬರ್ನ್ ಹೆಸರು ಪೋಸ್ಟರಿನ ಮೇಲೆ ಬಂದಿದ್ದವು.

ಶುರು ಮಾಡುವವರಿಗೆ ಮೊದಲ ಚಿತ್ರವಾಗಿ 1987ರ 'ಪ್ರಿಡೇಟರ್' ಒಳ್ಳೆಯದು. ಪಾತ್ರಗಳು ಕಡಿಮೆ, ಹಾಳೆ ಒಂದು ಸಂಜೆಯಲ್ಲಿ ತುಂಬುತ್ತದೆ. ಅಮೆರಿಕದ ಮೂಲನಿವಾಸಿ ಬಿಲ್ಲಿಗೆ ಕಾಡಿನ ವಾಸನೆ ಹಿಡಿಯುವ ಕೆಲಸ ಬಿಟ್ಟು ಬೇರೆ ಏನು ಕೊಟ್ಟಿದ್ದಾರೆ ಎಂದು ಕೇಳಿ. ಬದುಕುಳಿಯುವ ಇಬ್ಬರಲ್ಲಿ ಒಬ್ಬಳಾದ ಆನಾ ಎಷ್ಟು ಸಲ ತಾನಾಗಿ ತೀರ್ಮಾನಿಸುತ್ತಾಳೆ ಎಂದು ಬರೆಯಿರಿ. ರಾಕ್ಷಸನ ಉಡುಪಿನಲ್ಲಿದ್ದವರು ಏಳಡಿ ಮೀರಿದ ಕಪ್ಪು ನಟ ಕೆವಿನ್ ಪೀಟರ್ ಹಾಲ್, ಚಿತ್ರದುದ್ದಕ್ಕೂ ಅವರ ಮುಖ ಕಾಣುವುದಿಲ್ಲ. ಎಲ್ಲ ಮುಗಿದು ಹೆಲಿಕಾಪ್ಟರ್ ಬರುವಾಗ ರಿಮೋಟ್ ಒತ್ತಿ ನಿಲ್ಲಿಸಿ. ಅದನ್ನು ನಡೆಸುತ್ತಿರುವ ಪೈಲಟ್ ಅವರೇ.